ವೇಳಾಪಟ್ಟಿಯಲ್ಲಿ ಕಾಣದ ಹದಿಮೂರು ಗಂಟೆ

ಪ್ರಶ್ನೆ: ನಾನು ಮಂಡ್ಯದವಳು. ಮೈಸೂರಿನಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಎರಡನೆಯ ಸೆಮಿಸ್ಟರ್ ಓದುತ್ತಿದ್ದೇನೆ. 20 ಕ್ರೆಡಿಟ್‌ಗೆ ವಾರದಲ್ಲಿ 16 ಗಂಟೆ ಪಾಠವಿದೆ. ಮಂಗಳವಾರ ಮತ್ತು ಗುರುವಾರ ಮಧ್ಯಾಹ್ನ 2ರಿಂದ 6ರವರೆಗೆ ಲ್ಯಾಬ್. ರೈಲಿನಲ್ಲಿ ಹೋಗಿಬರಲು ದಿನಕ್ಕೆ ಮೂರು ಗಂಟೆ ಬೇಕು. ರಾತ್ರಿ ಎಂಟರಿಂದ ಒಂಬತ್ತೂವರೆಯವರೆಗೆ ಹೈಸ್ಕೂಲು ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ, ನನ್ನ ಫೀಸು ಅದರಿಂದಲೇ ಹೊರಡಬೇಕು. ಲ್ಯಾಬ್ ರೆಕಾರ್ಡ್ ನಾಲ್ಕು ವಾರ ಹಿಂದೆ ಬಿದ್ದಿದೆ. ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ಕೆ-ಸೆಟ್‌ಗೆ ಓದಲು ಸಮಯವೇ ಸಿಗುತ್ತಿಲ್ಲ. ಟ್ಯೂಷನ್ ಬಿಟ್ಟುಬಿಡಬೇಕೇ?

ಉತ್ತರ: ಬಿಡಬೇಡಿ. ನಿಮ್ಮ ಓದು ನಿಂತಿರುವುದೇ ಆ ದುಡಿಮೆಯ ಮೇಲೆ ಎಂದು ನೀವೇ ಬರೆದಿದ್ದೀರಿ. ಮೊದಲು ಲೆಕ್ಕ ನೋಡೋಣ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಒಂದು ವರ್ಷದ ಕಲಿಕೆಗೆ 1200 ಗಂಟೆ, 40 ಕ್ರೆಡಿಟ್ ಎಂದು ಗೊತ್ತುಮಾಡಿದೆ. ಅಂದರೆ ಒಂದು ಕ್ರೆಡಿಟ್‌ಗೆ 30 ಗಂಟೆ. ನಿಮ್ಮ 20 ಕ್ರೆಡಿಟ್‌ಗೆ 600 ಗಂಟೆ, ಅದನ್ನು 16 ವಾರಗಳಿಗೆ ಹಂಚಿದರೆ ವಾರಕ್ಕೆ 37 ಗಂಟೆಗೆ ಸ್ವಲ್ಪ ಹೆಚ್ಚು. ಪಾಠ ಮತ್ತು ಲ್ಯಾಬ್ ಸೇರಿ 24 ಗಂಟೆ ನಿಮ್ಮ ವಿಭಾಗದ ವೇಳಾಪಟ್ಟಿಯಲ್ಲಿವೆ. ಉಳಿದ 13 ಗಂಟೆ ಯಾವ ನೋಟಿಸ್ ಬೋರ್ಡಿನಲ್ಲೂ ಇಲ್ಲ. ಪದವಿಯಿಂದ ಸ್ನಾತಕೋತ್ತರಕ್ಕೆ ಬಂದ ಬಹಳಷ್ಟು ಮಕ್ಕಳು ಎಡವುವುದು ಇಲ್ಲಿಯೇ, ಏಕೆಂದರೆ ಪಟ್ಟಿಯಲ್ಲಿ ಖಾಲಿ ಕಂಡ ಗಂಟೆಯನ್ನು ಅವರು ಬಿಡುವು ಎಂದೇ ತಿಳಿಯುತ್ತಾರೆ.

ಪಾಠ, ಪ್ರಯಾಣ, ಟ್ಯೂಷನ್, ಈ 13 ಗಂಟೆ, ದಿನಕ್ಕೆ ಏಳು ಗಂಟೆ ನಿದ್ದೆ, ಎಲ್ಲವನ್ನೂ ಕೂಡಿದರೂ ವಾರದ 168 ಗಂಟೆಗಳಲ್ಲಿ ಐವತ್ತಕ್ಕೂ ಹೆಚ್ಚು ಉಳಿಯುತ್ತವೆ. ಊಟ, ಸ್ನಾನ, ಮನೆಗೆಲಸಗಳು ಅದರಲ್ಲಿ ದೊಡ್ಡ ಪಾಲು ತೆಗೆದುಕೊಳ್ಳುತ್ತವೆ, ನಿಜ. ಆದರೂ ನಿಮಗೆ ಸಮಯವಿಲ್ಲ ಎಂದು ನಾನು ಒಪ್ಪಲಾರೆ. ಅದು ಚೂರುಚೂರಾಗಿ ಹರಡಿಹೋಗಿದೆ, ಮತ್ತು ಯಾವ ಚೂರಿಗೆ ಯಾವ ಕೆಲಸ ಒಗ್ಗುತ್ತದೆ ಎಂಬುದನ್ನು ನೀವು ಇನ್ನೂ ಗೊತ್ತುಮಾಡಿಕೊಂಡಿಲ್ಲ.

ರೆಕಾರ್ಡ್‌ನಿಂದಲೇ ಆರಂಭಿಸಿ. ನಿಕ್ಕಲ್ ಅಂದಾಜಿನ ಪ್ರಯೋಗವನ್ನು ನೆನಪಿಸಿಕೊಳ್ಳಿ: ಡೈಮೀಥೈಲ್ ಗ್ಲೈಆಕ್ಸಿಮ್ ಹಾಕಿ, ಅಮೋನಿಯ ಬೆರೆಸಿದೊಡನೆ ಬೀಕರಿನ ತುಂಬ ಕಡುಗೆಂಪು ಪ್ರೆಸಿಪಿಟೇಟ್ (ಕರಗದ ಗಸಿ) ಬರುತ್ತದೆ, ಅನಂತರ ಅದನ್ನು ವಾಟರ್ ಬಾತ್ ಮೇಲಿಟ್ಟು ಕಾಯಬೇಕು, ಸೋಸಿದ ಮೇಲೆ ಕ್ರೂಸಿಬಲ್ಲನ್ನು ಓವನ್‌ನಲ್ಲಿ ಒಣಗಿಸಿ, ಆರಿಸಿ, ತೂಕ ಸ್ಥಿರವಾಗುವವರೆಗೆ ಮತ್ತೆ ಮತ್ತೆ ತೂಗಬೇಕು. ಆ ಕಾಯುವಿಕೆಯಲ್ಲಿ ತತ್ತ್ವ, ವಿಧಾನ, ಸಮೀಕರಣಗಳೆಲ್ಲವನ್ನೂ ಬರೆದು ಮುಗಿಸಬಹುದು, ತೂಕದ ಅಂಕಿಗಳಿಗಷ್ಟೇ ಜಾಗ ಬಿಟ್ಟಿರಬಹುದು. ಹೀಗೆ ಮಾಡಿದವರು ಆರು ಗಂಟೆಗೆ ಲೆಕ್ಕವನ್ನೂ ಮುಗಿಸಿಯೇ ಲ್ಯಾಬಿನಿಂದ ಹೊರಬರುತ್ತಾರೆ. ವಾರ ಕಳೆದ ಮೇಲೆ ಬರೆಯಲು ಕುಳಿತರೆ, ಮೊದಲು ಮಾಡಿದ್ದೇನೆಂದು ನೆನಪಿಸಿಕೊಳ್ಳುವುದಕ್ಕೇ ಅರ್ಧ ಗಂಟೆ ಹೋಗುತ್ತದೆ. ಹಿಂದುಳಿದ ನಾಲ್ಕು ವಾರದ್ದನ್ನು ಎರಡು ಭಾನುವಾರಗಳಲ್ಲಿ ತೀರಿಸಿಬಿಡಿ.

ಲ್ಯಾಬ್ ದಿನ ಬೆಳಗಿನ ಪಾಠ ಮುಗಿದು 2 ಗಂಟೆಯಾಗುವವರೆಗಿನ ಹೊತ್ತು ನಿಮ್ಮ ವಾರದ ಅತ್ಯಂತ ಬೆಲೆಬಾಳುವ ಚೂರು. ಊಟ ಮುಗಿಸಿ ಲೈಬ್ರರಿಗೆ ಹೋಗಿ, ಕ್ವಾಂಟಮ್ ರಸಾಯನಶಾಸ್ತ್ರದಂಥ ಗಟ್ಟಿ ವಿಷಯದ ಲೆಕ್ಕಗಳನ್ನು ಅಲ್ಲಿ ಬಿಡಿಸಿ. ಬೆಳಗಿನ ರೈಲಿನಲ್ಲಿ ನಿಲ್ಲಲೂ ಜಾಗ ಸಿಗದಿದ್ದಾಗ ಓದಲಾಗಲಿಲ್ಲವೆಂದು ಕೊರಗಬೇಡಿ. ಸಂಜೆ ಕುಳಿತುಕೊಳ್ಳಲು ಸೀಟು ಸಿಕ್ಕರೆ ಅಂದಿನ ನೋಟ್ಸನ್ನು ಒಮ್ಮೆ ತಿರುವಿಹಾಕಿ. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಪುಂಜಗಳನ್ನು ಬಾಯಿಪಾಠ ಮಾಡಿ, ತನ್ನ ಮೇಲೆಯೇ ಪ್ರಯೋಗ ನಡೆಸಿ 1885ರಲ್ಲಿ ತೋರಿಸಿಕೊಟ್ಟಂತೆ, ಕಲಿತದ್ದರ ದೊಡ್ಡ ಪಾಲು ಮೊದಲ ದಿನದಲ್ಲೇ ಜಾರಿಹೋಗುತ್ತದೆ, ಆಮೇಲೆ ಮರೆವಿನ ವೇಗ ತಗ್ಗುತ್ತದೆ. ಆದ್ದರಿಂದ ಅಂದೇ ನೋಡಿದ ಇಪ್ಪತ್ತು ನಿಮಿಷ, ಪರೀಕ್ಷೆಯ ಹಿಂದಿನ ವಾರದ ಎರಡು ಗಂಟೆಯನ್ನು ಉಳಿಸೀತು.

ಹಾಜರಾತಿಯ ವಿಷಯದಲ್ಲಿ ಒಂದು ಎಚ್ಚರಿಕೆ. ವಾರಕ್ಕೆ ನಾಲ್ಕು ಗಂಟೆಯ ಪತ್ರಿಕೆಯಲ್ಲಿ 64 ತರಗತಿಗಳಿದ್ದರೆ ಶೇ. 75ಕ್ಕೆ 48 ಸಾಕು. ಆದರೆ ವಾರಕ್ಕೊಮ್ಮೆ ಬರುವ ಲ್ಯಾಬಿನಲ್ಲಿ ಇರುವುದೇ 16 ದಿನ, ನಾಲ್ಕಕ್ಕಿಂತ ಹೆಚ್ಚು ತಪ್ಪುವಂತಿಲ್ಲ. ಮದುವೆ, ಜಾತ್ರೆಗಳಿಗೆ ರಜೆ ಹಾಕುವುದಾದರೆ ಮಂಗಳವಾರ, ಗುರುವಾರ ಬಿಟ್ಟು ಬೇರೆ ದಿನ ಹಾಕಿ.

ಕೆ-ಸೆಟ್‌ಗೆ ಈಗಲೇ ಬೇರೆ ಸಮಯ ಬೇಡ. ಅದರ ಎರಡನೆಯ ಪತ್ರಿಕೆಯ 100 ಪ್ರಶ್ನೆಗಳಿಗೆ ನೀವು ತರಗತಿಯಲ್ಲಿ ಓದುತ್ತಿರುವುದೇ ಬುನಾದಿ. ಬೋಧನೆ ಮತ್ತು ಸಂಶೋಧನಾ ಸಾಮರ್ಥ್ಯದ ಮೊದಲ ಪತ್ರಿಕೆಯ 50 ಪ್ರಶ್ನೆಗಳ ತಯಾರಿಯನ್ನು ಸೆಮಿಸ್ಟರ್ ರಜೆಗೆ ಇಟ್ಟುಕೊಳ್ಳಿ.

ಇನ್ನು ಟ್ಯೂಷನ್. ಆಂತರಿಕ ಪರೀಕ್ಷೆಯ ವಾರಗಳಲ್ಲಿ, ಸೆಮಿಸ್ಟರ್ ಪರೀಕ್ಷೆಗೆ ಮೊದಲಿನ ಮೂರು ವಾರಗಳಲ್ಲಿ, ರಾತ್ರಿಯ ಪಾಠವನ್ನು ಭಾನುವಾರ ಬೆಳಿಗ್ಗೆಗೆ ಬದಲಿಸಿಕೊಳ್ಳಿ. ಈ ಮಾತನ್ನು ಮಕ್ಕಳ ತಂದೆತಾಯಿಗೆ ಹಿಂದಿನ ದಿನ ಹೇಳಬೇಡಿ. ತಾರೀಖುಗಳನ್ನು ಚೀಟಿಯಲ್ಲಿ ಬರೆದು ಈ ತಿಂಗಳ ಫೀಸು ತೆಗೆದುಕೊಳ್ಳುವಾಗಲೇ ಕೈಗೆ ಕೊಡಿ. ತಮ್ಮ ಮಕ್ಕಳಿಗೆ ಪಾಠ ಹೇಳುವ ಹುಡುಗಿಗೂ ಪರೀಕ್ಷೆ ಇರುತ್ತದೆ ಎಂಬುದು ಅವರಿಗೆ ಅರ್ಥವಾಗುತ್ತದೆ.