ಜೇಬಿಗೆ 642 ಸರಿ, 340ಪಿಡಿ ಬೇಡ

ಟೆಕ್ಸಾಸ್‌ನಲ್ಲಿ ದಿನಾ ಪ್ಯಾಂಟ್ ಜೇಬಲ್ಲಿ ಇಟ್ಟುಕೊಳ್ಳೋಕೆ ಸ್ಮಿತ್ ಅಂಡ್ ವೆಸನ್ ಕಂಪನಿಯ 642 ರಿವಾಲ್ವರ್ ತಗೊಳ್ಳಲೋ, ಅದಕ್ಕಿಂತ ಹಗುರದ 340ಪಿಡಿ ತಗೊಳ್ಳಲೋ ಅಂತ ಕೇಳಿದ್ದೀರಿ. 642 ತಗೊಳ್ಳಿ. ಎರಡರಲ್ಲೂ ಐದೇ ಗುಂಡು, ಎರಡರಲ್ಲೂ ಹ್ಯಾಮರ್ (ಗುಂಡು ಸಿಡಿಸೋ ಸುತ್ತಿಗೆ) ಒಳಗಡೆ ಇರೋದರಿಂದ ಬಟ್ಟೆಗೆ ಸಿಕ್ಕಿಕೊಳ್ಳಲ್ಲ. ತೂಕದ ವ್ಯತ್ಯಾಸ ನೂರು ಗ್ರಾಂ ಕೂಡ ಇಲ್ಲ.

ಆದರೆ 340ಪಿಡಿಯಲ್ಲಿ .357 ಮ್ಯಾಗ್ನಮ್ ಅನ್ನೋ ಜೋರು ಗುಂಡು ಹಾರಿಸಿದರೆ ಒದೆತ ಅಂಗೈಗೆ ಬಡಿಯುತ್ತೆ, ಅಭ್ಯಾಸವೇ ಬೇಡ ಅನ್ನಿಸಿಬಿಡುತ್ತೆ. ಇನ್ನೊಂದು ಅಪಾಯ: ಹಗುರ ರಿವಾಲ್ವರ್ ಜೋರಾಗಿ ಹಿಂದಕ್ಕೆ ಒದ್ದಾಗ ಉಳಿದ ಕಾರ್ಟ್ರಿಜ್‌ಗಳ (ಮದ್ದು ತುಂಬಿದ ತೋಟಾಗಳ) ಬುಲೆಟ್ ಮುಂದಕ್ಕೆ ಜರುಗಿ, ಗುಂಡು ತುಂಬೋ ಸಿಲಿಂಡರ್ ತಿರುಗದೆ ಕಚ್ಚಿಕೊಳ್ಳುತ್ತೆ. ಪರೀಕ್ಷೆ ಸುಲಭ. ಐದು ತುಂಬಿ, ನಾಲ್ಕು ಹಾರಿಸಿ, ಐದನೆಯದನ್ನು ತೆಗೆದು ಹೊಸ ಕಾರ್ಟ್ರಿಜ್ ಪಕ್ಕ ಇಟ್ಟು ಕ್ಯಾಲಿಪರ್‌ನಲ್ಲಿ (ಸೂಕ್ಷ್ಮ ಅಳತೆ ಸಾಧನ) ಉದ್ದ ಅಳೆಯಿರಿ. ಉದ್ದ ಬೆಳೆದಿದ್ದರೆ ಆ ಮದ್ದುಗುಂಡು ಬಳಸಬೇಡಿ. 642ಕ್ಕೆ .38 ಸ್ಪೆಷಲ್ 148 ಗ್ರೇನ್ ತೂಕದ ವಾಡ್‌ಕಟರ್ (ಚಪ್ಪಟೆ ಮೂತಿಯ ಗುಂಡು) ಒದೆತದಲ್ಲಿ ಮೆತ್ತಗಿದೆ, ಗುರಿಯೂ ಕೂರುತ್ತೆ.

ಜೇಬಿನ ಹೋಲ್‌ಸ್ಟರ್ (ರಿವಾಲ್ವರ್ ಚೀಲ) ಟ್ರಿಗರನ್ನು ಪೂರ್ತಿ ಮುಚ್ಚಬೇಕು. ಆ ಜೇಬಲ್ಲಿ ಬೀಗದಕೈ, ಚಿಲ್ಲರೆ ಏನೂ ಇರಬಾರದು. ವಾರಕ್ಕೊಮ್ಮೆ ರಿವಾಲ್ವರ್‌ನಿಂದ ಗುಂಡು ತೆಗೆದು ನೂಲು, ಧೂಳು ಒರೆಸಿ.

ಎಚ್1ಬಿ ಮೇಲೆ ಇದ್ದೀರಾದರೆ ಮೊದಲು ವಕೀಲರನ್ನು ಕೇಳಿ. ಬೇಟೆ ಲೈಸೆನ್ಸ್‌ನಂಥ ಕೆಲವು ವಿನಾಯಿತಿ ಬಿಟ್ಟರೆ, ಆ ವೀಸಾದವರು ಬಂದೂಕು ಇಟ್ಟುಕೊಳ್ಳೋದೇ ಅಲ್ಲಿನ ಕೇಂದ್ರ ಕಾನೂನಿನಲ್ಲಿ ಅಪರಾಧ.