ಕೆಲಸ ಹೋಗಿದೆ, ಸ್ತೋತ್ರ ಬಾಯಲ್ಲೇ ಉಳಿಯುತ್ತಿದೆ. ಏನು ಮಾಡಲಿ?

ನಿಮ್ಮ ಪ್ರಶ್ನೆ ಇಷ್ಟು: ಕೆಲಸ ಹೋಗಿ ಐದು ತಿಂಗಳಾಗಿದೆ, ಚರ್ಚಿನ ಸಭೆಯಲ್ಲಿ ಸಿಕ್ಕವರೆಲ್ಲ "ಎಲ್ಲದಕ್ಕೂ ಸ್ತೋತ್ರ ಹೇಳಿ, ಯಾವಾಗಲೂ ಸಂತೋಷವಾಗಿರಿ" ಅನ್ನುತ್ತಾರೆ (ಸ್ತೋತ್ರ ಅಂದರೆ ನಮ್ಮಲ್ಲಿ ದೇವರಿಗೆ ವಂದನೆ), ನೀವೂ ಹೇಳುತ್ತೀರಿ, ಆದರೆ ಅದು ಬಾಯಿಂದ ಒಳಗೆ ಇಳಿಯುತ್ತಿಲ್ಲ. ಇದು ನಂಬಿಕೆ ಕಡಿಮೆಯಾದ ಲಕ್ಷಣವಾ, ಕೃತಜ್ಞತೆ, ಸಂತೋಷ, ನಂಬಿಕೆ ಇವನ್ನೆಲ್ಲ ದಿನನಿತ್ಯ ನಿಜವಾಗಿ ಪಾಲಿಸೋದು ಹೇಗೆ ಅಂತ ಕೇಳಿದ್ದೀರಿ.

ಇಲ್ಲ, ಇದು ನಂಬಿಕೆ ಹೋದ ಲಕ್ಷಣ ಅಲ್ಲ. ಕೆಲಸ ಹೋಗಿದ್ದಕ್ಕೆ ನೀವು ಇವತ್ತೇ ಸ್ತೋತ್ರ ಹೇಳಬೇಕು ಅಂತಲೂ ನನಗೆ ಅನ್ನಿಸುವುದಿಲ್ಲ. ನಾನೂ ಅದೇ ಜಾಗದಲ್ಲಿ ಕೂತು ಎದ್ದವಳು, ಅದಕ್ಕೇ ಇಷ್ಟು ಧೈರ್ಯವಾಗಿ ಹೇಳುತ್ತಿದ್ದೇನೆ.

ನಮ್ಮದು ಉಡುಪಿ ಕಡೆಯ ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಸಿಎಸ್‌ಐ ಸಭೆ. ಮನೆಯಲ್ಲಿ ತುಳು, ದೇವಾಲಯದಲ್ಲಿ ಕನ್ನಡ. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್‌ನವರು ಮಂಗಳೂರಿಗೆ ಬಂದ ಮೇಲೆ ಬೆಳೆದ ಸಭೆಗಳಲ್ಲಿ ಇದೂ ಒಂದು. ನಾನು ಹನ್ನೊಂದು ವರ್ಷ ಒಂದೇ ಕಡೆ ಲೆಕ್ಕ ಬರೆಯುವ ಕೆಲಸದಲ್ಲಿದ್ದೆ. 2019ರ ಆಗಸ್ಟ್‌ನಲ್ಲಿ ಒಂದು ಶನಿವಾರ ಕರೆದು, ಸೋಮವಾರದಿಂದ ಬರೋದು ಬೇಡ ಅಂದರು. ಆಗ ಮಗ ಎಂಟನೇ ಕ್ಲಾಸು, ಮನೆ ಸಾಲದ ಕಂತು ಪ್ರತಿ ತಿಂಗಳು ಐದನೇ ತಾರೀಕಿಗೆ. ನಮ್ಮವರ ಸಂಬಳ ಒಂದರಲ್ಲೇ ಎಲ್ಲ ತೂಗಿಸಬೇಕಿತ್ತು.

ಮರುದಿನ ಭಾನುವಾರ. ಆರಾಧನೆ ಮುಗಿದು ಹೊರಗೆ ಬಂದಾಗ ಒಬ್ಬರು "ಹೇಗಿದ್ದೀರಿ?" ಅಂದರು. "ಸ್ತೋತ್ರ, ಚೆನ್ನಾಗಿದ್ದೇವೆ" ಅಂದೆ. ನಮ್ಮಲ್ಲಿ ಅದು ಹಾಗೇ ಬಂದುಬಿಡುತ್ತದೆ ಅಲ್ವಾ, ಉಸಿರಾಡಿದ ಹಾಗೆ. ಮನೆಗೆ ಬಂದು ಸೀರೆ ಬದಲಾಯಿಸುವಾಗ ಅಳು ತಡೆಯಲಾಗಲಿಲ್ಲ. ದೇವರ ಹೆಸರಲ್ಲಿ ಸುಳ್ಳು ಹೇಳಿದೆ ಅಂತ ಅನ್ನಿಸಿತ್ತು. ನೀವು ಬರೆದದ್ದು ಓದಿದಾಗ ಆ ಭಾನುವಾರವೇ ನೆನಪಿಗೆ ಬಂತು.

ನನಗೆ ಮೊದಲ ಸಹಾಯ ಮಾಡಿದ್ದು ನಮ್ಮ ಅತ್ತೆ. ನಮ್ಮ ಮನೆಯಲ್ಲಿ ರಾತ್ರಿ ಊಟಕ್ಕೆ ಮುಂಚೆ ಕುಟುಂಬ ಪ್ರಾರ್ಥನೆ ಇರುತ್ತದೆ, ಸತ್ಯವೇದದಿಂದ (ಬೈಬಲಿನಿಂದ) ಒಂದು ಕೀರ್ತನೆ ಓದುತ್ತೇವೆ. ಆ ವಾರ ಅವರು ಆರಿಸಿದ್ದು ಹದಿಮೂರನೇ ಕೀರ್ತನೆ. ತುಂಬಾ ಚಿಕ್ಕದು. ಮೊದಲ ಎರಡು ವಚನಗಳಲ್ಲೇ "ಎಷ್ಟರವರೆಗೆ" ಅಂತ ನಾಲ್ಕು ಸಲ ಕೇಳುತ್ತಾನೆ ದಾವೀದ. ಎಷ್ಟು ದಿನ ನನ್ನನ್ನು ಮರೆತಿರುತ್ತೀ, ಎಷ್ಟು ದಿನ ಮುಖ ಮರೆಮಾಡಿಕೊಳ್ಳುತ್ತೀ ಅಂತ. ಓದಿ ಮುಗಿಸಿ ಅತ್ತೆ ನನ್ನ ಕಡೆ ತಿರುಗಿ, "ನೀನೂ ಹೀಗೆ ಕೇಳು. ಕೇಳಬಾರದು ಅಂತಿದ್ದರೆ ಇದನ್ನ ಸತ್ಯವೇದದಲ್ಲಿ ಯಾಕೆ ಇಡುತ್ತಿದ್ದರು?" ಅಂದರು. ಆಮೇಲೆ ನಾನೇ ಹುಡುಕಿ ಓದಿದೆ. ಎಂಬತ್ತೆಂಟನೇ ಕೀರ್ತನೆ ಅಂತೂ ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಯಲ್ಲಿ ಒಂದು ಸಮಾಧಾನದ ಮಾತೂ ಇಲ್ಲ. ಅದೂ ಪ್ರಾರ್ಥನೆಯೇ. ಅದನ್ನೂ ದೇವರಿಗೇ ಹೇಳಿದ್ದು.

ಹಾಗಾಗಿ ನನ್ನ ಮೊದಲ ಮಾತು ಇದು. ಇರುವ ದುಃಖವನ್ನು ಮೊದಲು ದೇವರ ಮುಂದೆ ಇಡಿ. ಅದನ್ನು ಮುಚ್ಚಿಟ್ಟು ಮೇಲಿಂದ ಸ್ತೋತ್ರ ಹೇಳಿದರೆ ಸ್ತೋತ್ರವೂ ನಿಲ್ಲುವುದಿಲ್ಲ, ದುಃಖವೂ ಹೋಗುವುದಿಲ್ಲ. ಯೇಸುವಿನ ಸುವಾರ್ತೆ ಸಾರಿದ ಪೌಲ ಫಿಲಿಪ್ಪಿ ಊರಿನ ಸಭೆಯವರಿಗೆ ಬರೆದ ಪತ್ರದ ನಾಲ್ಕನೇ ಅಧ್ಯಾಯ ನೋಡಿ. ಯಾವುದಕ್ಕೂ ಚಿಂತೆ ಮಾಡಬೇಡಿ ಅಂದವನು, ಅದೇ ವಾಕ್ಯದಲ್ಲಿ ನಿಮಗೆ ಬೇಕಾದದ್ದನ್ನು ದೇವರಿಗೆ ತಿಳಿಸಿ ಅನ್ನುತ್ತಾನೆ, ಕೃತಜ್ಞತೆಯ ಜೊತೆಗೆ ತಿಳಿಸಿ ಅನ್ನುತ್ತಾನೆ. ಬೇಡಿಕೆ, ಸ್ತೋತ್ರ ಎರಡೂ ಒಂದೇ ಉಸಿರಿನಲ್ಲಿ. "ಕೆಲಸ ಕೊಡು, ತಡೆಯಲಾಗುತ್ತಿಲ್ಲ" ಅಂತ ಕೇಳುತ್ತಲೇ ಇವತ್ತಿನ ಊಟಕ್ಕೆ ವಂದನೆ ಹೇಳಬಹುದು. ಥೆಸಲೋನಿಕದವರಿಗೆ ಬರೆಯುವಾಗ ಎಲ್ಲದರಲ್ಲಿಯೂ, ಅಂದರೆ ಯಾವ ಪರಿಸ್ಥಿತಿಯಲ್ಲಿದ್ದರೂ, ಕೃತಜ್ಞತಾಸ್ತುತಿ ಮಾಡಿ ಅನ್ನುತ್ತಾನೆ. ಎಫೆಸದವರಿಗೆ ಬರೆಯುವಾಗ ಎಲ್ಲಾ ಕಾರ್ಯಗಳಿಗೋಸ್ಕರ ಅಂತಲೂ ಇದೆ, ಗೊತ್ತು. ಆ ಮಾತಿನವರೆಗೆ ನಾನಿನ್ನೂ ನಡೆಯುತ್ತಾ ಇದ್ದೇನೆ. ಕೆಲವು ವಿಷಯಗಳಿಗೆ ವರ್ಷಗಳಾದ ಮೇಲೆ ಸ್ತೋತ್ರ ಹೇಳಲು ಸಾಧ್ಯವಾಯಿತು. ಕೆಲವಕ್ಕೆ ಇನ್ನೂ ಆಗಿಲ್ಲ.

ಈಗ ತೊಂಡೆಕಾಯಿಯ ಕಥೆ ಹೇಳಬೇಕು. ನನಗೆ ನಿಜವಾಗಿ ಸ್ತೋತ್ರ ಬಂದದ್ದು ಅಲ್ಲಿಂದ.

ನವೆಂಬರ್‌ನಲ್ಲಿ ನಮ್ಮ ಸಭೆಯ ಬೆಳೆಹಬ್ಬ. ನೀವು ಸಿಎಸ್‌ಐ ಆಗಿದ್ದರೆ ಗೊತ್ತಿರುತ್ತದೆ. ಪ್ರತಿ ಮನೆಯವರೂ ತಮ್ಮ ಬೆಳೆಯಲ್ಲಿ ಏನಾದರೂ ತರುತ್ತಾರೆ. ಬಾಳೆಗೊನೆ, ತೆಂಗಿನಕಾಯಿ, ಬಸಳೆ ಕಟ್ಟು, ಸುವರ್ಣಗೆಡ್ಡೆ, ಊರ ಕೋಳಿ, ಜಾಗ ಇಲ್ಲದವರು ಕೇಕೋ ಚಕ್ಕುಲಿಯೋ ಮಾಡಿಕೊಂಡು ಬರುತ್ತಾರೆ. ಪೀಠದ ಮುಂದೆ ಎಲ್ಲ ಜೋಡಿಸಿಟ್ಟು ಆರಾಧನೆ, ಆಮೇಲೆ ಅಂಗಳದಲ್ಲಿ ಏಲಂ. ಕೆಲವರು ಏಲಂನಲ್ಲಿ ಹಿಡಿದದ್ದನ್ನು ದುಡ್ಡು ಕೊಟ್ಟು ವಾಪಸ್ ಬಿಟ್ಟುಬಿಡುತ್ತಾರೆ, "ಮತ್ತೊಮ್ಮೆ ಕೂಗಿ" ಅಂತ. ಕೆಲಸ ಇದ್ದಾಗ ನಾನು ಪೇಟೆಯಿಂದ ಸೇಬಿನ ಬುಟ್ಟಿ ತಂದು ಇಡುತ್ತಿದ್ದೆ. ಆ ವರ್ಷ ಅದಕ್ಕೂ ದುಡ್ಡು ಎತ್ತಿಡಲು ಮನಸ್ಸು ಬರಲಿಲ್ಲ. ಹೋಗುವುದೇ ಬೇಡ ಅಂದುಕೊಂಡಿದ್ದೆ.

ಬೆಳಗ್ಗೆ ಆರು ಗಂಟೆಗೆ ಅತ್ತೆ ಒಂದು ಬುಟ್ಟಿ ಕೈಗಿಟ್ಟು, "ಬಾವಿ ಹತ್ತಿರ ಮನೋಳಿ ಉಂಟು, ಕೊಯ್ದು ತಾ" ಅಂದರು. ಮನೋಳಿ ಅಂದರೆ ತೊಂಡೆ. ಮೂರು ವರ್ಷದ ಹಿಂದೆ ಪಕ್ಕದ ಮನೆಯವರು ಕೊಟ್ಟ ಒಂದು ಗೇಣು ಬಳ್ಳಿ ತುಂಡು ಅದು. ಊರಿಬಿಟ್ಟಿದ್ದೆ, ಅಷ್ಟೇ. ಗೊಬ್ಬರ ಹಾಕಿದ್ದು ನೆನಪಿಲ್ಲ. ಪಾತ್ರೆ ತೊಳೆದ ನೀರು ಆ ಕಡೆ ಹರಿದು ಹೋಗುತ್ತಿತ್ತು. ಬಳ್ಳಿ ತನ್ನಷ್ಟಕ್ಕೆ ಬಟ್ಟೆ ಒಣಗಿಸುವ ತಂತಿ ಹಿಡಿದು ಪೇರಳೆ ಮರಕ್ಕೆ ಹತ್ತಿತ್ತು. ಹೊರಗಿನಿಂದ ನೋಡಿದರೆ ಬರೀ ಎಲೆ. ಎಲೆ ಎತ್ತಿದರೆ ಕೆಳಗೆ ಕಾಯಿ, ಇನ್ನೊಂದು ಎತ್ತಿದರೆ ಅಲ್ಲೂ ಎರಡು, ಮೇಲಿನ ಬಿಳಿ ಗೆರೆಗಳ ಮೇಲೆ ಇಬ್ಬನಿ ನಿಂತಿತ್ತು. ಒಂದೆರಡು ಹಣ್ಣಾಗಿ ಕೆಂಪಗೆ ಒಡೆದು ಹಕ್ಕಿ ತಿಂದು ಬಿಟ್ಟಿತ್ತು. ಇರುವೆ ಕೈಗೆಲ್ಲ ಹತ್ತಿದವು. ಸುಮಾರು ಅರ್ಧ ಗಂಟೆ ಕೊಯ್ದಿರಬೇಕು, ಬುಟ್ಟಿ ತುಂಬಿತು. ಆ ಅರ್ಧ ಗಂಟೆಯಲ್ಲಿ ಸಾಲ, ಕಂತು, ಆ ಆಫೀಸು ಯಾವುದೂ ತಲೆಗೆ ಬಂದಿರಲಿಲ್ಲ ಅಂತ ಆಮೇಲೆ ಗಮನಕ್ಕೆ ಬಂತು. ನಾನು ನೋಡದೇ ಇದ್ದ ಮೂರು ತಿಂಗಳೂ ಇದು ಕಾಯಿ ಬಿಡುತ್ತಲೇ ಇತ್ತು. ಅಲ್ಲೇ ಬಾವಿಕಟ್ಟೆಯ ಮೇಲೆ ಕೂತು "ಸ್ತೋತ್ರ ಕರ್ತನೇ" ಅಂದೆ. ಯಾರೂ ಹೇಳಿಸಿದ್ದಲ್ಲ. ಅತ್ತೆ ಒಳಗಿಂದ ಕಾಫಿ ಆರುತ್ತೆ ಅಂತ ಕರೆಯುವವರೆಗೂ ಅಲ್ಲೇ ಇದ್ದೆ.

ಏಲಂನಲ್ಲಿ ಆ ತೊಂಡೆಕಾಯಿ ಮೂರು ಸಲ ಹೋಯಿತು. ಇಬ್ಬರು ಹಿಡಿದು ವಾಪಸ್ ಬಿಟ್ಟರು, ಮೂರನೆಯವರು ಮನೆಗೆ ಒಯ್ದರು. ನನ್ನ ಸೇಬಿನ ಬುಟ್ಟಿ ಯಾವ ವರ್ಷವೂ ಅಷ್ಟು ದುಡ್ಡು ತಂದಿರಲಿಲ್ಲ.

ಕೆಲಸ ಸಿಕ್ಕಿದ್ದು ಮತ್ತೆ ಐದು ತಿಂಗಳಾದ ಮೇಲೆ, ಮೊದಲಿಗಿಂತ ಕಡಿಮೆ ಸಂಬಳಕ್ಕೆ. ಸ್ತೋತ್ರ ಹೇಳಿದೆ, ಕೆಲಸ ಸಿಕ್ಕಿತು ಅಂತ ದಯವಿಟ್ಟು ಓದಿಕೊಳ್ಳಬೇಡಿ. ಹಾಗೆ ಹೇಳುವವರಿಂದ ನನಗೆ ಆ ದಿನಗಳಲ್ಲಿ ತುಂಬಾ ನೋವಾಗಿದೆ.

ಇನ್ನು ದಿನನಿತ್ಯ ಹೇಗೆ ಅಂತ ಕೇಳಿದ್ದೀರಲ್ಲ. ಕೃತಜ್ಞತೆ ಅಂದರೆ ನಮಗೆ ದೊಡ್ಡ ಭಾಷಣದ ಶಬ್ದದ ಹಾಗೆ ಕೇಳಿಸುತ್ತದೆ. ಆ ಶಬ್ದದ ಒಳಗೆ ಇರೋದು ಇಷ್ಟೇ, ಕೃತ ಅಂದರೆ ಮಾಡಿದ್ದು, ಜ್ಞ ಅಂದರೆ ತಿಳಿದವನು. ನನಗಾಗಿ ಮಾಡಿದ್ದು ಗೊತ್ತಿರೋದು. ನೂರಮೂರನೇ ಕೀರ್ತನೆಯಲ್ಲಿ ಇನ್ನೂ ಸರಳವಾಗಿದೆ, ಆತನ ಉಪಕಾರಗಳಲ್ಲಿ ಒಂದನ್ನೂ ಮರೆಯಬೇಡ ಅಂತ. ಉಪಕಾರ ನಮ್ಮ ಮನೆ ಮಾತು. ಹಾಗಾಗಿ ನಮ್ಮ ಮನೆಯಲ್ಲಿ ಬೆಳೆಹಬ್ಬದ ರಾತ್ರಿಯಿಂದ ಒಂದು ರೂಢಿ ಶುರುವಾಯಿತು. ಪ್ರಾರ್ಥನೆಗೆ ಕೂತಾಗ ಪ್ರತಿಯೊಬ್ಬರೂ ಇವತ್ತಿನ ಒಂದು ಉಪಕಾರ ಹೇಳಬೇಕು. ಇವತ್ತಿನದೇ ಆಗಬೇಕು, ನಿನ್ನೆ ಹೇಳಿದ್ದು ನಡೆಯುವುದಿಲ್ಲ. "ಆರೋಗ್ಯ ಕೊಟ್ಟಿದ್ದಕ್ಕೆ, ಕುಟುಂಬ ಕೊಟ್ಟಿದ್ದಕ್ಕೆ" ಅಂತ ಸುಮ್ನೆ ಒಟ್ಟಾರೆ ಹೇಳಿದರೆ ಅತ್ತೆ ಒಪ್ಪುವುದಿಲ್ಲ, "ಇವತ್ತು ಏನಾಯಿತು ಹೇಳು" ಅನ್ನುತ್ತಾರೆ. ಮೊದಲ ವಾರ ಕಷ್ಟ. ಆಮೇಲೆ ಏನಾಗುತ್ತದೆ ಅಂದರೆ, ರಾತ್ರಿ ಹೇಳಬೇಕಲ್ಲ ಅಂತ ಹಗಲಲ್ಲೇ ಕಣ್ಣು ಹುಡುಕಲು ಶುರು ಮಾಡುತ್ತದೆ. ಬಸ್ಸಿನಲ್ಲಿ ಯಾರೋ ಜಾಗ ಬಿಟ್ಟರೆ, ಓ ಇದನ್ನ ರಾತ್ರಿ ಹೇಳಬಹುದು ಅಂತ ಅನ್ನಿಸುತ್ತದೆ.

ಒಂದು ವಿಷಯದಲ್ಲಿ ಮಾತ್ರ ಹುಷಾರಾಗಿರಿ. "ನಮಗಿಂತ ಕಷ್ಟದಲ್ಲಿ ಇರುವವರನ್ನು ನೋಡಿ ಸಮಾಧಾನ ಮಾಡಿಕೊಳ್ಳಿ" ಅಂತ ತುಂಬಾ ಜನ ಹೇಳುತ್ತಾರೆ, ಒಳ್ಳೆಯ ಮನಸ್ಸಿನಿಂದಲೇ. ನಾನು ಅದನ್ನ ಮಾಡುವುದಿಲ್ಲ. ಲೂಕನ ಸುವಾರ್ತೆ ಹದಿನೆಂಟನೇ ಅಧ್ಯಾಯದಲ್ಲಿ ದೇವಾಲಯಕ್ಕೆ ಪ್ರಾರ್ಥನೆಗೆ ಹೋದ ಇಬ್ಬರ ಸಾಮ್ಯ ಇದೆಯಲ್ಲ, ಅದರಲ್ಲಿ ಫರಿಸಾಯನ (ಧರ್ಮನಿಷ್ಠ ಯೆಹೂದ್ಯ ಪಂಗಡದವನ) ಪ್ರಾರ್ಥನೆ ಶುರುವಾಗೋದೇ ಸ್ತೋತ್ರದಿಂದ. ನಾನು ಬೇರೆಯವರ ಹಾಗೆ ಅಲ್ಲ, ಈ ಸುಂಕದವನ ಹಾಗೂ ಅಲ್ಲ, ಅದಕ್ಕೆ ನಿನಗೆ ಸ್ತೋತ್ರ ಅಂತಾನೆ. ಆ ಸ್ತೋತ್ರವನ್ನು ಯೇಸು ಒಪ್ಪಲಿಲ್ಲ. ಆಸ್ಪತ್ರೆಯಲ್ಲಿ ಮಲಗಿದವರನ್ನು ನೋಡಿ "ಸದ್ಯ, ನನಗೆ ಹಾಗಾಗಿಲ್ಲ" ಅಂದುಕೊಳ್ಳುವುದು ನನಗೆ ಅದೇ ಸಾಲಿನ ಮಾತಿನ ಹಾಗೆ ಕೇಳಿಸುತ್ತದೆ. ಅವರಿಗೆ ಒಂದು ಫ್ಲಾಸ್ಕ್ ಗಂಜಿ ಒಯ್ದು ಕೊಡಿ, ಆ ದಿನ ರಾತ್ರಿ ಹೇಳಲು ಏನಾದರೂ ಸಿಕ್ಕೇ ಸಿಗುತ್ತದೆ.

ಸಂತೋಷದ ಬಗ್ಗೆ ನನಗೆ ಗೊತ್ತಿರುವುದು ಕಡಿಮೆ. ಅದು ಹೇಳಿದಾಗ ಬರುವುದಿಲ್ಲ. ಆದರೆ ಫಿಲಿಪ್ಪಿಯವರಿಗೆ ಸಂತೋಷಿಸಿ ಅಂತ ಬರೆದಾಗ ಪೌಲ ಬೇಡಿ ಹಾಕಿಸಿಕೊಂಡು ಕೂತಿದ್ದ, ಮತ್ತು ಅದೇ ಫಿಲಿಪ್ಪಿಯಲ್ಲಿ ಹಿಂದೊಮ್ಮೆ ಏಟು ತಿಂದು, ಕಾಲಿಗೆ ಕೋಳ ಹಾಕಿದ್ದಾಗ, ನಡುರಾತ್ರಿ ಸಂಗಡಿಗ ಸೀಲನ ಜೊತೆ ಹಾಡಿದ್ದ. ಆ ಪತ್ರ ಓದುವವರಿಗೆ ಅದು ಗೊತ್ತಿತ್ತು. ಸೀಲನ ಜೊತೆ ಅನ್ನೋದು ನನಗೆ ಮುಖ್ಯವಾಗಿ ಕಾಣುತ್ತದೆ, ಇಬ್ಬರಿದ್ದರು. ಕೆಲಸ ಇಲ್ಲದಾಗ ನನಗೆ ಬೇರೆಯವರ ಗೃಹಪ್ರವೇಶದ ಪ್ರಾರ್ಥನೆಗೆ ಹೋಗುವುದೇ ಶಿಕ್ಷೆ ಅನ್ನಿಸುತ್ತಿತ್ತು. ಆ ಡಿಸೆಂಬರ್‌ನಲ್ಲಿ ಮಗ ಎಳೆದುಕೊಂಡು ಹೋದ ಅಂತ ಕ್ಯಾರಲ್ಸ್ ತಂಡದ ಜೊತೆ ಮನೆಮನೆಗೆ ಹೋದೆ. ರಾತ್ರಿ ಹನ್ನೊಂದು ಗಂಟೆ, ಮಕ್ಕಳಿಗೆ ನಿದ್ದೆ, ತಬಲ ಬಾರಿಸುವ ಹುಡುಗ ತಾಳ ತಪ್ಪಿಸುತ್ತಿದ್ದ, ಒಂದು ಮನೆಯ ಅಜ್ಜಿ ಎಲ್ಲರಿಗೂ ಶುಂಠಿ ಕಾಫಿ ಕೊಟ್ಟು ಇನ್ನೊಂದು ಹಾಡಿ ಅಂತ ಹಟ ಹಿಡಿದರು. ನಕ್ಕು ನಕ್ಕು ಹೊಟ್ಟೆ ನೋವು ಬಂತು. ಸಂತೋಷಪಡುವವರ ಸಂಗಡ ಸಂತೋಷಪಡಿ, ಅಳುವವರ ಸಂಗಡ ಅಳಿ ಅಂತ ರೋಮಾಪುರದವರಿಗೆ ಬರೆದಿರುವುದು ಯಾಕೆ ಅಂತ ಆ ರಾತ್ರಿ ಸ್ವಲ್ಪ ಗೊತ್ತಾಯಿತು.

ನಂಬಿಕೆಗೆ ಬಂದರೆ, ಮಾರ್ಕನ ಸುವಾರ್ತೆ ಒಂಬತ್ತನೇ ಅಧ್ಯಾಯದಲ್ಲಿ ಕಾಯಿಲೆ ಮಗನನ್ನು ಕರೆತಂದ ಅಪ್ಪ ಒಬ್ಬ ಇದ್ದಾನೆ. ನಂಬುತ್ತೇನೆ ಅನ್ನುತ್ತಾನೆ, ಅದರ ಬೆನ್ನಿಗೇ ನನ್ನ ಅಪನಂಬಿಕೆಗೂ ಸಹಾಯ ಮಾಡು ಅಂತ ಕೂಗುತ್ತಾನೆ. ಯೇಸು ಅವನನ್ನು ವಾಪಸ್ ಕಳಿಸಲಿಲ್ಲ, ಮಗನನ್ನು ವಾಸಿ ಮಾಡಿದ. ನೀವು ಈಗ ಹಾಗೇ ಪ್ರಾರ್ಥನೆ ಮಾಡಿದರೆ ಸಾಕು. ಹಾಡಲು ಆಗದ ಭಾನುವಾರ ಸುಮ್ಮನೆ ಬೆಂಚಿನಲ್ಲಿ ಕೂತಿರಿ, ಪಕ್ಕದವರು ಹಾಡುತ್ತಾರೆ. ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದ ದಿನ ಮಾತ್ರ ತಪ್ಪಿಸಬೇಡಿ. ಯೇಸು ತಾನು ಹಿಡಿದುಕೊಡಲ್ಪಟ್ಟ ರಾತ್ರಿಯಲ್ಲಿ ರೊಟ್ಟಿ ತೆಗೆದುಕೊಂಡು ಸ್ತೋತ್ರ ಮಾಡಿ ಮುರಿದ ಅಂತ ಅಯ್ಯನವರು (ಸಭೆಯ ಪಾದ್ರಿ) ಓದುತ್ತಾರಲ್ಲ, ಎಷ್ಟೋ ವರ್ಷ ಕೇಳಿದ್ದೆ, ಆ ವರ್ಷ ಕೇಳಿದಾಗ ಮೈ ನಡುಗಿತು. ಯಾವ ರಾತ್ರಿ, ಆ ರಾತ್ರಿ ಸ್ತೋತ್ರ!

ಇನ್ನೊಂದು ಮಾತು. ಕೆಲಸ ಹೋಗಿದೆ ಅಂತ ಸಭೆಯಲ್ಲಿ ಒಬ್ಬಿಬ್ಬರಿಗಾದರೂ ಬಾಯಿಬಿಟ್ಟು ಹೇಳಿ, ಪ್ರಾರ್ಥನೆಗೂ ಹೌದು, ಕೆಲಸ ಹುಡುಕುವುದಕ್ಕೂ ಹೌದು. ನನಗೆ ಈಗಿನ ಕೆಲಸ ಸಿಕ್ಕಿದ್ದು ಸ್ತ್ರೀಯರ ಕೂಟದ ಒಬ್ಬರ ಮೂಲಕ. ರಾತ್ರಿ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ ಅಂತ ವಾರಗಟ್ಟಲೆ ಆಗುತ್ತಿದ್ದರೆ ಡಾಕ್ಟರ್ ಹತ್ತಿರ ಹೋಗಿ. ಅದರಿಂದ ನಂಬಿಕೆಗೆ ಏನೂ ಕುಂದು ಬರುವುದಿಲ್ಲ.

ಇವತ್ತು ರಾತ್ರಿ ಒಂದೇ ಒಂದು ಹೇಳಿ ನೋಡಿ, ಒಬ್ಬರೇ ಇದ್ದರೂ ಬಾಯಿಬಿಟ್ಟು. ಎಷ್ಟು ಚಿಕ್ಕದು ಸಾಕು ಅಂತ ಗೊತ್ತಾಗಲಿ ಅಂತ ನಿನ್ನೆ ನಮ್ಮ ಮನೆಯಲ್ಲಿ ಹೇಳಿದ್ದನ್ನು ಬರೆಯುತ್ತೇನೆ. ಅತ್ತೆ: ಬೆಳಗ್ಗೆ ಎದ್ದಾಗ ಮೊಣಕಾಲು ನಿನ್ನೆಯಷ್ಟು ನೋಯಲಿಲ್ಲ. ನಮ್ಮವರು: ಗಾಡಿ ಪಂಕ್ಚರ್ ಆದದ್ದು ಅಂಗಡಿ ಎದುರಿಗೇ. ಮಗ: ಹಾಸ್ಟೆಲ್‌ನಿಂದ ಫೋನಿನಲ್ಲಿ, ಇವತ್ತು ಮೆಸ್ಸಿನಲ್ಲಿ ಮೀನು ಸಾರು. ನಾನು: ತೊಂಡೆ ಬಳ್ಳಿಯ ಒಂದು ತುಂಡು ಕೇಳಿಕೊಂಡು ಹೊಸದಾಗಿ ಬಂದ ಪಕ್ಕದ ಮನೆಯವರು ಬಂದಿದ್ದರು.