ಇಬ್ಬರೂ ಕಪ್ಪು ವರ್ಣೀಯರೇ, ಮತ್ತೆ ಬಣ್ಣದ ಮಾತು ಎಲ್ಲಿಂದ ಬಂತು?

ಪ್ರಶ್ನೆ: ಅಮೆರಿಕದ ಅನಿಟಾ ಹಿಲ್ ವಿಚಾರಣೆ ಬಗ್ಗೆ ಕ್ಲಾಸಿನಲ್ಲಿ ಹೇಳಿದರು. ಕಿರುಕುಳ ಆಯಿತು ಎಂದ ಹಿಲ್, ಆರೋಪ ಹೊತ್ತ ಕ್ಲಾರೆನ್ಸ್ ಥಾಮಸ್ ಇಬ್ಬರೂ ಕಪ್ಪು ವರ್ಣೀಯರು. ಹಾಗಾದರೆ ಇದು ಬರೀ ಹೆಣ್ಣು-ಗಂಡಿನ ವಿಷಯ ಅಲ್ವಾ?
- ಕಾಲೇಜು ವಿದ್ಯಾರ್ಥಿನಿ, ಧಾರವಾಡ

ಉತ್ತರ: ಅಲ್ಲಮ್ಮ. ಆ ಕೋಣೆಯೊಳಗೆ ಒಮ್ಮೆ ಇಣುಕಿ ನೋಡು, ಗೊತ್ತಾಗುತ್ತದೆ.

1991ರ ಅಕ್ಟೋಬರ್ 11. ಥಾಮಸ್ ಅವರನ್ನು ಸುಪ್ರೀಂ ಕೋರ್ಟಿಗೆ ನೇಮಿಸುವ ವಿಚಾರ. ನೀಲಿ-ಹಸಿರು ಸೂಟು ತೊಟ್ಟ ಕಾನೂನು ಪ್ರಾಧ್ಯಾಪಕಿ ಹಿಲ್ ಉದ್ದನೆಯ ಮೇಜಿನ ಮುಂದೆ ಒಬ್ಬರೇ ಕೂತಿದ್ದಾರೆ. ಎದುರಿಗೆ ಸೆನೆಟ್ (ಅಲ್ಲಿನ ಸಂಸತ್ತಿನ ಮೇಲ್ಮನೆ) ಸಮಿತಿಯ 14 ಜನ. ಎಲ್ಲರೂ ಗಂಡಸರು, ಎಲ್ಲರೂ ಬಿಳಿಯರು. ಥಾಮಸ್ ಕೈಕೆಳಗೆ ಕೆಲಸ ಮಾಡುವಾಗ ಕೇಳಬೇಕಾಗಿ ಬಂದ ಕೊಳಕು ಮಾತುಗಳನ್ನು ಹಿಲ್ ಟಿವಿ ಕ್ಯಾಮೆರಾ ಮುಂದೆ ಬಾಯಿಬಿಟ್ಟು ಹೇಳಬೇಕಾಯಿತು. ಹಿಂದೆ ವಯಸ್ಸಾದ ಅಪ್ಪ ಅಮ್ಮ ಕೂತಿದ್ದರು. ಗಂಡಸು ಒಲ್ಲೆ ಅಂದ ಸಿಟ್ಟಿಗೆ ಹೀಗೆ ಹೇಳುತ್ತಿದ್ದೀರಾ ಎಂಬರ್ಥದ ಪ್ರಶ್ನೆಯನ್ನೂ ಒಬ್ಬ ಸೆನೆಟರ್ ಕೇಳಿಬಿಟ್ಟರು.

ಅದೇ ರಾತ್ರಿ ಥಾಮಸ್ ಬಂದರು. ಎಲ್ಲವನ್ನೂ ಅಲ್ಲಗಳೆದರು. ಇದು ಹೈಟೆಕ್ ಲಿಂಚಿಂಗ್ ಎಂದರು. ಆ ಒಂದು ಪದಕ್ಕೆ ಸಮಿತಿ ತಣ್ಣಗಾಯಿತು.

ಲಿಂಚಿಂಗ್ ಅಂದರೆ ಗುಂಪು ಕಟ್ಟಿಕೊಂಡು ಬಂದು ಕೊಲ್ಲುವುದು, ಬಹಳ ಸಲ ಮರಕ್ಕೆ ನೇತುಹಾಕಿ. ಬಿಳಿ ಹೆಂಗಸಿನ ಮೇಲೆ ಕೈಹಾಕಿದ ಎಂಬ ಸುಳ್ಳು ನೆಪಕ್ಕೆ ಎಷ್ಟೋ ಕಪ್ಪು ಗಂಡಸರ ಜೀವ ಹೋಗಿದೆ. ಆದರೆ ಕಪ್ಪು ಹೆಂಗಸಿನ ಮಾನ ಕಾಯಲು ಆ ಗುಂಪುಗಳು ಹೊರಟವಲ್ಲ. ಕಪ್ಪು ಹೆಂಗಸರನ್ನೂ ಕೊಂದದ್ದುಂಟು. ಇದನ್ನು ಅವತ್ತು ಸಮಿತಿಯಲ್ಲಿ ಯಾರೂ ಹೇಳಲಿಲ್ಲ. ಜನಾಂಗದ ನೋವೆಲ್ಲ ಥಾಮಸ್ ಪಾಲಿಗೆ ಹೋಯಿತು. ಹಿಲ್ ಬರೀ ಹೆಂಗಸಾಗಿ ಉಳಿದರು, ಅವರೂ ಅದೇ ಜನಾಂಗದವರು ಎನ್ನುವುದೇ ಮರೆತುಹೋಯಿತು. ಹೆಣ್ಣೆಂದೂ ಕಪ್ಪು ವರ್ಣದವರೆಂದೂ ಒಟ್ಟಿಗೆ ಬೀಳುವ ಈ ಎರಡು ಕಡೆಯ ಹೊಡೆತಕ್ಕೆ 1989ರಲ್ಲೇ ಇಂಟರ್‌ಸೆಕ್ಷನಾಲಿಟಿ ಎಂದು ಹೆಸರಿಟ್ಟವರು ಕಪ್ಪು ವರ್ಣೀಯ ಕಾನೂನು ಪ್ರಾಧ್ಯಾಪಕಿ ಕಿಂಬರ್ಲೆ ಕ್ರೆನ್‌ಷಾ. ಹಿಲ್ ಅವರಿಗೆ ನೆರವಾದ ವಕೀಲರ ತಂಡದಲ್ಲಿ ಅವರೂ ಇದ್ದರು.

ನನಗೆ ಇವತ್ತಿಗೂ ಸಂಕಟ ಆಗುವುದು ಏಂಜೆಲಾ ರೈಟ್ ವಿಷಯಕ್ಕೆ. ಆಕೆಯೂ ಕಪ್ಪು ಹೆಣ್ಣುಮಗಳು, ಆಕೆಯೂ ಥಾಮಸ್ ಕೈಕೆಳಗೆ ದುಡಿದವರು, ಆಕೆಯದೂ ಅಂಥದೇ ದೂರು. ವಾಷಿಂಗ್ಟನ್‌ಗೆ ಬಂದು ಕಾದರು. ಸಮಿತಿ ಎದುರು ಮಾತಾಡಲು ಕರೆಯಲೇ ಇಲ್ಲ. ಹೇಳಿಕೆಯನ್ನು ಸುಮ್ನೆ ಕಡತಕ್ಕೆ ಸೇರಿಸಿದರು. ಕೊನೆಗೆ ಇಡೀ ಸೆನೆಟ್ ಮತ ಹಾಕಿದಾಗ 52-48 ಮತಗಳಲ್ಲಿ ಥಾಮಸ್ ಗೆದ್ದರು.

ನವೆಂಬರಿನಲ್ಲಿ 1,603 ಕಪ್ಪು ಮಹಿಳೆಯರು ಸ್ವಂತ ದುಡ್ಡು ಹಾಕಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಜಾಹೀರಾತು ಕೊಟ್ಟು, ಹಿಲ್ ಪರ ನಿಂತರು. ಮರುವರ್ಷ ಇಲಿನಾಯ್‌ನಲ್ಲಿ ಕ್ಯಾರಲ್ ಮೋಸ್ಲಿ ಬ್ರಾನ್, ಥಾಮಸ್‌ಗೆ ಮತ ಹಾಕಿದ್ದ ಸ್ವಪಕ್ಷದ ಸೆನೆಟರನ್ನೇ ಪಕ್ಷದ ಅಭ್ಯರ್ಥಿ ಆಯ್ಕೆಯ ಚುನಾವಣೆಯಲ್ಲಿ ಸೋಲಿಸಿ, ಆಮೇಲೆ ಗೆದ್ದು, ಸೆನೆಟ್ಟಿನ ಮೊದಲ ಕಪ್ಪು ಮಹಿಳೆಯಾದರು. 1993ರಲ್ಲಿ ಅದೇ ಸಮಿತಿಯ ಸದಸ್ಯೆಯೂ ಆದರು.